ತಮ್ಮನ ಮರದ ಮೀನಿನೊಡನೆ ಮಂಗಳೂರಿಗೆ

ಬೆಳಗಿನ ಆರು ಗಂಟೆಗೆ ಮಂಗಳೂರಿನ ಬಸ್ಸು ಹತ್ತಿದೆ. ಏಳೂವರೆ ರೂಪಾಯಿ ಟಿಕೆಟ್ಟು, ನೂರೈವತ್ತು ಮೈಲಿ ಹಾದಿ. ತಮ್ಮ ಸಿದ್ದರಾಜ ಜ್ವರದಲ್ಲಿ ತೀರಿಕೊಂಡು ಆರು ದಿನವಾಗಿತ್ತು. ನನ್ನ ತಲೆ ಬೋಳಿಸಿದ್ದರು.

ಹಿನಕಲ್ಲಿನ ಮನೆ ಬಿಡುವಾಗ ಅವ್ವ, "ಸೂತಕದಲ್ಲಿ ಎಲ್ಲಿಗ್ಲಾ ಓಯ್ತೀಯೆ? ಅನ್ನೊಂದು ದಿನ ಕಳೀಲಿ ಕಣೋ," ಅಂದಳು.

"ಮಳೆ ಹಿಡಿದ್ರೆ ದೋಣಿ ಕಡಲಿಗೆ ಇಳಿಯಕಿಲ್ಲ ಕಣವ್ವ," ಎಂದೆ.

ಸಿದ್ದರಾಜ ಪೇಟೆಯಲ್ಲಿ ಮರ ಕಡೆಯುತ್ತಿದ್ದ. ಗೇಣುದ್ದದ ಮರದ ಮೀನು ಮಾಡಿ, ಅದರ ಮುಖವನ್ನು ಬಟ್ಟಲಿನಂತೆ ಕೊರೆದು, ಹಿಂದೆ ಗಾಳ ಕಟ್ಟಿದ್ದ. ನೀರಿನ ಮೇಲೆ ಜಗ್ಗಿ ಎಳೆದರೆ ಬುಳಕ್ ಎಂದು ನೀರೆರಚಿ, ದೊಡ್ಡ ಮೀನನ್ನು ಕೆಣಕುತ್ತಿತ್ತು. ಅವನು ಅದನ್ನು ಕೆರೆಯಲ್ಲಿ ಎಳೆದು ನೋಡುತ್ತಿದ್ದಾಗ, "ಮೀನಿಗೇ ಬುಗುರಿ ಆಡಿಸ್ತೀಯೇನ್ಲಾ?" ಎಂದು ಹತ್ತು ಜನರೆದುರು ನಕ್ಕಿದ್ದೆ.

"ಕಡಲಲ್ಲಿ ನೋಡ್ಬುಡು ಅಣ್ಣ," ಎಂದಷ್ಟೇ ಅಂದಿದ್ದ. ಮಂಗಳೂರಿನ ದೋಣಿಯವರಿಗೆ ಕಾಗದ ಬರೆದು, ನಮ್ಮಿಬ್ಬರನ್ನೂ ಕಡಲಿಗೆ ಕರೆದೊಯ್ಯಲು ಒಪ್ಪಿಸಿದ್ದೂ ಅವನೇ.

ಮಡಿಕೇರಿಯಲ್ಲಿ ಮಂಜು, ಘಟ್ಟ ಇಳಿದ ಮೇಲೆ ಬೆವರು. ಸಂಜೆ ದೋಣಿಯ ಸಂಜೀವಣ್ಣ ನನ್ನ ತಲೆ ನೋಡಿ, "ತಿರುಪತಿಗೆ ಹೋಗಿದ್ರಾ ಮಾರಾಯ್ರೆ? ತಮ್ಮ ಬರ್ಲಿಲ್ವಾ?" ಎಂದು ಕೇಳಿದರು. ಸೂತಕದವರನ್ನು ದೋಣಿಗೆ ಹತ್ತಿಸುವುದಿಲ್ಲವೆಂದು ತಿಳಿದಿತ್ತು. ಹೌದು, ತಿರುಪತಿಗೆ ಎಂದೆ. ತಮ್ಮನಿಗೆ ಕೆಲಸವಿದೆ ಎಂದೂ ಹೇಳಿದೆ.

ಮರುದಿನ ಬೆಳಿಗ್ಗೆ, "ಮುಡಿ ಕೊಟ್ಟು ಬಂದವರು, ನೀವೇ ಒಡೀಬೇಕು," ಎಂದು ಅವರ ಹೆಂಡತಿ ದೋಣಿಯ ಮೂತಿಗೆ ನನ್ನಿಂದಲೇ ತೆಂಗಿನಕಾಯಿ ಒಡೆಸಿದರು.

ದಡ ಗೆರೆಯಷ್ಟಾದಾಗ ಹಕ್ಕಿಗಳು ಎರಗುತ್ತಿದ್ದ ಕಡೆ ನೀರು ಕುದಿಯುವಂತಿತ್ತು. ಕೆಳಗೆ ಕೇದರ ಎಂಬ ದೊಡ್ಡ ಮೀನಿನ ಹಿಂಡು ಇದೆ ಎಂದರು ಸಂಜೀವಣ್ಣ. ತಮ್ಮನ ದಪ್ಪ ಬಿದಿರಿನ ಗಾಳಕೋಲಿನಿಂದ ಮರದ ಮೀನು ಎಸೆದು ಜಗ್ಗಿದೆ. ಬುಳಕ್, ಬುಳಕ್. ಮೂರನೆಯ ಸಲ ನೀರು ಸಿಡಿಯಿತು. ಹಗ್ಗದಂಥ ದಾರ ಬೆರಳು ಸುಡುತ್ತ ಓಡಿತು. ಇಬ್ಬರೂ ಹಿಡಿದು ಅರ್ಧ ಗಂಟೆ ಜಗ್ಗಿದ ಮೇಲೆ, ಅರ್ಧ ಮೂಟೆ ರಾಗಿಯಷ್ಟು ತೂಕದ ಮೀನು ದೋಣಿಗೆ ಬಿತ್ತು.

"ಎಂತ ಕೈ ಮಾರಾಯ್ರೆ ನಿಮ್ಮ ತಮ್ಮಂದು! ನಂಗೂ ಎರಡು ಮಾಡ್ಲಿಕ್ಕೆ ಹೇಳಿ," ಎಂದು ಸಂಜೀವಣ್ಣ ನಕ್ಕರು.

ದಡ ಮುಟ್ಟಿದೆವು. ಮರಳಿಗಿಳಿದು, "ತಮ್ಮ ಇಲ್ಲ. ಇವತ್ತಿಗೆ ಏಳು ದಿನ," ಎಂದೆ.

ಅವರು ಬೈಯಲಿಲ್ಲ. "ಹೇಳಿದ್ರೆ ನಾಲ್ಕು ದಿನ ಕಾಯ್ತಿದ್ದೆ ಅಲ್ವಾ," ಎಂದರು. ಮರದ ಮೀನನ್ನು ಅವರಿಗೇ ಕೊಡಲು ಹೋದೆ. ಅವರು ಕೈ ಚಾಚಲಿಲ್ಲ.

ರಸ್ತೆಗೆ ಹತ್ತಿ ತಿರುಗಿ ನೋಡಿದೆ. ನಾನು ಕುಳಿತಿದ್ದ ಹಲಗೆಯನ್ನು ಅವರ ಹೆಂಡತಿ ಅರಿಶಿನದ ನೀರು ಹಾಕಿ ಉಜ್ಜುತ್ತಿದ್ದರು. ಹಿಡಿದ ಮೀನು ಮರಳ ಮೇಲೆ ಹಾಗೇ ಬಿದ್ದಿತ್ತು, ಯಾರೂ ಮುಟ್ಟಿರಲಿಲ್ಲ.