ಹೆಸರಿಲ್ಲದ ಲೋಟ

ಟರ್‌ರ್‌ರ್... ಸ್ಟೀಲಿನ ಮೇಲೆ ಹೆಸರು ಕೆತ್ತುವ ಪುಟ್ಟ ಮಷೀನಿನ ಸದ್ದು ನಿಮಗೆ ನೆನಪಿದೆಯೇ? ಹಲ್ಲು ಜುಮ್ಮೆನ್ನುತ್ತಿತ್ತು. ಮೊನ್ನೆ ಹುಮನಾಬಾದಿನ ಪಾತ್ರೆ ಅಂಗಡಿಯಲ್ಲಿ ಮದುವೆಗೆಂದು ಒಂದು ಡಬ್ಬಿ ಕೊಂಡೆ. ಹೆಸರು ಹಾಕಿಕೊಡಿ ಎಂದರೆ ಮಾಲೀಕರು, "ಈಗ ಯಾರ್ ಹಾಕಸ್ತಾರ್ರಿ ಅಕ್ಕೋರ? ಶಿವರಾಜ ಸತ್ತಮ್ಯಾಲ ಮಷೀನ್ ಮೂಲ್ಯಾಗ ಬಿದ್ದದ" ಎಂದರು. (ಇಂಗ್ಲಿಷ್ ಟೀಚರಾಗಿ ರಿಟೈರಾದ ನನ್ನನ್ನು ಊರೆಲ್ಲ ಕರೆಯುವುದು ಅಕ್ಕೋರು ಎಂದೇ.)

ಶಿವರಾಜ ಕೊಹಿನೂರು ಎಂಬ ಹಳ್ಳಿಯವನು, ಆ ಅಂಗಡಿಯಲ್ಲಿ ಹೆಸರು ಕೆತ್ತುತ್ತಿದ್ದವನು. ಗಂಡಸರನ್ನು ಪ್ರೀತಿಸುವ ಗಂಡಸು. (ಕಾನ್ವೆಂಟಿನ ಸಿಸ್ಟರುಗಳು ನನಗೆ ಅದಕ್ಕೊಂದು ಮರ್ಯಾದೆಯ ಪದ ಕಲಿಸಿರಲಿಲ್ಲ.) ಅವನಂಥ ಗೆಳೆಯರು ಏಡ್ಸ್‌ನಿಂದ ಒಬ್ಬೊಬ್ಬರೇ ಹೋಗತೊಡಗಿದಾಗ ಉಳಿದವರು ಸೇರಿ ಸಂಘ ಕಟ್ಟಿದರು. ಕಾಂಡೋಮ್ ಹಂಚಿದರು. ಟೆಸ್ಟಿಗೆ ಕರೆದೊಯ್ದರು. ಮನೆಯವರು ಮುಟ್ಟದ ಹೆಣಗಳಿಗೆ ಸ್ನಾನ ಮಾಡಿಸಿದರು. ಸತ್ತವನ ತಾಟನ್ನು ತಿಪ್ಪೆಗೆಸೆದರೆ ಶಿವರಾಜ ಹೆಕ್ಕಿ ತರುತ್ತಿದ್ದ. ಅದರ ಮೇಲಿನ ಹೆಸರು ಅವನೇ ಕೆತ್ತಿದ್ದಲ್ಲವೇ?

ಒಮ್ಮೆ ಆಸ್ಪತ್ರೆಯೊಂದು ಅವರ ಗೆಳೆಯನಿಗೆ ಬೆಡ್ ಕೊಡಲಿಲ್ಲ. ಇವರು ವರಾಂಡದಲ್ಲೇ ಸಾಲಾಗಿ ಕೂತರು. ಸತ್ತವರ ತಾಟುಗಳಲ್ಲಿ ರೊಟ್ಟಿ ಹಾಕಿಕೊಂಡು ಉಣ್ಣತೊಡಗಿದರು.

"ಏಳ್ರೋ!" ಎಂದರಂತೆ ವಾರ್ಡಿನವರು.

"ಬೆಡ್ ಕೊಡೋತನ ಏಳಂಗಿಲ್ರಿ. ನಮ್ಮ ಊಟ ಇನ್ನಾ ಬಾಳ ಅದ" ಎಂದನಂತೆ ಶಿವರಾಜ.

ಸಂಜೆಗೆ ಬೆಡ್ ಸಿಕ್ಕಿತು.

ಅವರ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದವಳು ನಾನು. ಎಂಜಲಿನಿಂದ ಈ ರೋಗ ಅಂಟುವುದಿಲ್ಲ ಎಂಬ ಕರಪತ್ರವನ್ನು ಕನ್ನಡಕ್ಕೆ ತಂದವಳೂ ನಾನೇ. ವೆರಿ ಬ್ರಾಡ್-ಮೈಂಡೆಡ್! ಆದರೆ ಶಿವರಾಜ ಬಂದರೆ ಚಹಾಕ್ಕೆ ಅವನಿಗೆಂದೇ ಒಂದು ಬೇರೆ ಲೋಟ ಇಟ್ಟಿದ್ದೆ. ಕಿಟಕಿಯಲ್ಲಿ.

ಒಂದು ದಿನ ಅವನು ಅದನ್ನು ತಿರುಗಿಸಿ ನೋಡಿದ. "ಅಕ್ಕೋರ, ನಿಮ್ಮ ಮನಿ ಭಾಂಡೆಕ್ಕೆಲ್ಲ ನಿಮ್ಮ ಹೆಸರು ನಾನೇ ಹಾಕೀನಿ. ಇದಕ್ಕೊಂದಕ್ಕ ಇಲ್ಲ. ನನ್ನ ಹೆಸರು ಹಾಕ್ಕೊಂಡ್ ಬರ್ಲೇನ್ರಿ?"

ನಕ್ಕ. ನಾನು ಲೋಟ ಒಳಗಿಟ್ಟೆ. ಅವನು ಮತ್ತೆ ಮನೆಗೆ ಬರಲಿಲ್ಲ.

ಕೊನೆಯ ಸಲ ಕಂಡದ್ದು ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ. ಕಡ್ಡಿಯಾಗಿದ್ದ. ಕೆಮ್ಮುತ್ತಿದ್ದ. ಬ್ಯಾಗಿನಿಂದ ನನ್ನ ಹೆಸರಿನ ಲೋಟ ತೆಗೆದು ನೀರು ಕೊಟ್ಟೆ. "ತುಟಿ ಹಚ್ಚೇ ಕುಡಿಯೋ ಶಿವರಾಜ."

ಅವನು ತಲೆ ಹಿಂದಕ್ಕೆ ವಾಲಿಸಿ, ತುಟಿಗೆ ತಾಕದಂತೆ ಎತ್ತರದಿಂದ ಸುರಿದುಕೊಂಡ. ಅಂಗಿ ತೋಯಿತು. ಲೋಟವನ್ನು ಒರೆಸಿ ವಾಪಸ್ ಕೊಟ್ಟ.

ಎಷ್ಟೆಂದರೂ ನಾನು ಟೀಚರು. ಕಲಿಸಿದ್ದನ್ನು ಅವನು ಚೆನ್ನಾಗಿಯೇ ಕಲಿತಿದ್ದ.