ಕಸದ ಡಬ್ಬಿ ಸೇರಿದ ಒಡಕು ಕಣಗಳು

ರಕ್ತಪರೀಕ್ಷೆಯ ಕೋಣೆಯಲ್ಲಿ ಅವನನ್ನು ಎಲ್ಲರೂ ದುಂಡಣ್ಣ ಅನ್ನುತ್ತಿದ್ದರು. ಮೈಯಲ್ಲಿ ದುಂಡಗಿದ್ದದ್ದು ಕನ್ನಡಕ ಒಂದೇ. ಹೊಸ ಸೂಕ್ಷ್ಮದರ್ಶಕ ತೆಗೆದ ಕೆಂಪು ರಕ್ತಕಣಗಳ ಚಿತ್ರಗಳನ್ನು ಒಂದೊಂದಾಗಿ ನೋಡಿ ದುಂಡು, ಕುಡುಗೋಲು, ಹನಿ, ಮುಳ್ಳು, ಒಡಕು, ಕಸ ಎಂದು ಪರದೆಯ ಮೇಲಿನ ಡಬ್ಬಿಗಳಿಗೆ ಹಾಕುವುದು ಅವನ ಕೆಲಸ. ಅವನು ಹಾಕಿದ್ದನ್ನು ನೋಡಿ ಯಂತ್ರ ಕಲಿಯಬೇಕು. ತನ್ನಂಥವನಿಗೂ ಎದುರು ಮಾತಾಡದ ಒಬ್ಬ ಶಿಷ್ಯ ಸಿಕ್ಕನಲ್ಲ ಎಂದು ಅವನು ಬೀಗುತ್ತಿದ್ದ. ಮೂರು ತಿಂಗಳಲ್ಲಿ ಹನ್ನೊಂದು ಸಾವಿರ ಚಿತ್ರ, ಬಹುಪಾಲು ದುಂಡು. ಹೆಸರು ಅಂಟಿಕೊಂಡದ್ದು ಹಾಗೆ.

ಒಡಕಿಗೆ ಮಾತ್ರ ಒಂದು ತಕರಾರಿನ ನಿಯಮವಿತ್ತು. ಚೂರಾದ ಕಣ ಎಂದು ಗುರುತಿಸಿದ ಪ್ರತಿ ಚಿತ್ರವನ್ನೂ ಹಿರಿಯ ಟೆಕ್ನಿಷಿಯನ್ ಅಕ್ಕ ನೋಡಿ ಒಪ್ಪಬೇಕು.

"ಮತ್ತೆ ಬಂದ್ಯಾ? ನಂಗೇನು ಬೇರೆ ಕೆಲ್ಸ ಇಲ್ವೇನೋ?" ಎಂದು ಅಕ್ಕ ಎರಡು ಸಲ ಕಣ್ಣು ಕೆಂಪಗೆ ಮಾಡಿದ್ದೇ ತಡ, ಇವನು ಸುಲಭದ ದಾರಿ ಹಿಡಿದ. ಅಂಚು ಮುರಿದ ಕಣ ಕಂಡರೆ ಸೀದಾ ಕಸಕ್ಕೆ. ಕಸಕ್ಕೆ ಯಾರ ಒಪ್ಪಿಗೆಯೂ ಬೇಡ.

ಹೋದ ವಾರದಿಂದ ರಿಪೋರ್ಟನ್ನೂ ಯಂತ್ರವೇ ಕೊಡತೊಡಗಿತ್ತು.

ಆವತ್ತು ಹನ್ನೊಂದು ಗಂಟೆಗೆ ಶಾಲಾ ವ್ಯಾನ್ ಓಡಿಸುವ ಹೆಂಗಸೊಬ್ಬಳ ರಕ್ತ ಬಂತು. ತೋಳಿನ ತುಂಬ ನೀಲಿ ಕಲೆ, ಬೆಳಿಗ್ಗೆಯಿಂದ ತಾಳತಪ್ಪಿದ ಮಾತು. ಪ್ಲೇಟ್‌ಲೆಟ್ ಪಾತಾಳಕ್ಕಿಳಿದಿತ್ತು. ಒಡಕು ಕಣ: ಸೊನ್ನೆ. ವಾರ್ಡಿನಿಂದ ಡಾಕ್ಟರಮ್ಮನ ಫೋನ್.

"ಒಡಕು ಇಲ್ಲ ತಾನೆ? ಇದ್ರೆ ಪ್ಲೇಟ್‌ಲೆಟ್ ಕೊಡೋ ಹಾಗಿಲ್ಲ, ಪ್ರಾಣಕ್ಕೇ ಕುತ್ತು ಬರಬಹುದು. ಈಗ್ಲೇ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು."

"ಯಂತ್ರ ಸೊನ್ನೆ ಅಂತಿದೆ ಮೇಡಂ."

"ಸರಿ, ಪ್ಲೇಟ್‌ಲೆಟ್ ಚೀಲ ಬಂದಿದೆ, ಹಾಕಿಸ್ತೀನಿ."

ಫೋನಿಟ್ಟ ಮೇಲೆ ಅವನಿಗೆ ಹೊಳೆಯಿತು. ಆ ಯಂತ್ರಕ್ಕೆ ಕಣ್ಣು ಕೊಟ್ಟವನು ಯಾರು? ಆ ಹೆಂಗಸಿನ ಚಿತ್ರಗಳ ಕಸದ ಡಬ್ಬಿ ತೆರೆದ. ತ್ರಿಕೋನ, ಅರ್ಧಚಂದ್ರ, ಕೊಂಬು ಮೂಡಿದ ಟೋಪಿ, ಎಲ್ಲ ಒಡಕು ಕಣಗಳೇ. ಪರದೆ ಸರಿಸಿದಷ್ಟೂ ಮುಗಿಯಲೊಲ್ಲದು.

"ಅಕ್ಕಾ, ಒಡಕನ್ನೆಲ್ಲ ನಾನು ಕಸಕ್ಕೆ ಹಾಕ್ತಿದ್ದೆ."

"ಎಷ್ಟು ದಿನದಿಂದ?"

"ಮೊದ್ಲಿಂದ್ಲೂ."

ಅಕ್ಕ ಆಗಲೇ ಆ ಹೆಂಗಸಿನ ರಕ್ತದ ಸ್ಲೈಡನ್ನು ಹಳೆಯ ಸೂಕ್ಷ್ಮದರ್ಶಕದ ಕೆಳಗೆ ತಳ್ಳಿದ್ದಳು. "ನಿಂಗೆ ಬೈಗುಳ ಆಮೇಲೆ. ಮೊದ್ಲು ಆ ಚೀಲ ನಿಲ್ಸು, ನಾನು ಎಣಿಸ್ತೀನಿ."

ವಾರ್ಡಿನ ಫೋನ್ ಎಂಗೇಜು. ಎರಡು ಮಹಡಿ ಮೆಟ್ಟಿಲನ್ನು ಅವನು ಹೇಗೆ ಹತ್ತಿದನೋ, ಚಪ್ಪಲಿಯೊಂದು ನಡುವೆಯೇ ಉಳಿಯಿತು. ಚೀಲ ಸ್ಟ್ಯಾಂಡಿಗೇರಿತ್ತು, ನರ್ಸಿನ ಬೆರಳು ಕೊಳವೆಯ ಕ್ಲಿಪ್ಪಿನ ಮೇಲಿತ್ತು.

"ನಿಲ್ಸಿ ಸಿಸ್ಟರ್! ರಿಪೋರ್ಟ್ ತಪ್ಪು!"

ಡಾಕ್ಟರಮ್ಮ ತಿರುಗಿದರು. "ಯಂತ್ರ ಕೆಟ್ಟಿದ್ಯಾ?"

ಹೂಂ ಅಂದುಬಿಟ್ಟರೆ ಕೆಲಸ ಉಳಿಯುತ್ತಿತ್ತು. ಗಂಟಲಲ್ಲಿ ಹೂಂ ಎದ್ದೂ ಬಂತು.

"ಇಲ್ಲ ಮೇಡಂ. ಕೆಟ್ಟದ್ದು ನಾನು. ಒಡಕನ್ನ ಕಸ ಅಂತ ಕಲಿಸಿಬಿಟ್ಟಿದ್ದೆ."

ಮಂಚದ ಮೇಲಿನ ಹೆಂಗಸು ಅವನ ಬರಿಗಾಲನ್ನೇ ನೋಡಿ, "ಬೇಗ ಹತ್ತೋ ಮರೀ, ಬೆಲ್ ಹೊಡೀತು," ಎಂದಳು.

ಆಗ ಅಕ್ಕನ ಫೋನ್ ಬಂತು: ಸಾವಿರ ಕಣಕ್ಕೆ ಮೂವತ್ತನಾಲ್ಕು ಒಡಕು. ನರ್ಸ್ ಚೀಲ ಇಳಿಸಿದಳು. ಆಂಬುಲೆನ್ಸಿಗೆ ಕರೆ ಹೋಯಿತು, ಸ್ಟ್ರೆಚರ್ ಉರುಳಿತು. ಬಾಗಿಲು ಮುಚ್ಚಿದ ಮೇಲೆ ಡಾಕ್ಟರಮ್ಮ ಕೇಳಿದರು:

"ಯಂತ್ರದಿಂದ ಇಲ್ಲಿವರೆಗೆ ಎಷ್ಟು ರಿಪೋರ್ಟ್ ಹೋಗಿದೆ?"

"ಇನ್ನೂರ ಹನ್ನೆರಡು."

"ಸ್ಲೈಡುಗಳು?"

"ಎಲ್ಲಾ ಇವೆ ಮೇಡಂ."

"ಮತ್ತೆ ಇಲ್ಲೇನು ಮಾಡ್ತಿದ್ದೀಯ?"

ಅವನು ಕೆಳಗಿಳಿಯುವಷ್ಟರಲ್ಲಿ ಅಕ್ಕ ಹಳೆಯ ಸೂಕ್ಷ್ಮದರ್ಶಕದ ಮುಂದೆ ತನ್ನ ಪಕ್ಕಕ್ಕೆ ಇನ್ನೊಂದು ಸ್ಟೂಲ್ ಎಳೆದಿಟ್ಟಿದ್ದಳು.