ಅತ್ತೆಯ ಗೋಣು

ನಮ್ಮ ಸೋದರತ್ತೆಗೆ ದೇವರು ಮರೆವು ಅನ್ನುವ ವರವನ್ನು ಕೊಟ್ಟಿಲ್ಲ. ಹಾಲಿನವನು ಎಂದೋ ನೀರು ಬೆರೆಸಿದ್ದನ್ನು ಅವನ ಮಗನ ಮದುವೆಯಲ್ಲಿ ನೆನಪಿಸಿ ಬಂದ ಹೆಂಗಸು ಅವಳು. ಮನೆಯವರೆಲ್ಲ ಇದನ್ನು ಕೆಟ್ಟ ಗುಣ ಅನ್ನುತ್ತಾರೆ. ನಾನು ಅನ್ನುವುದಿಲ್ಲ, ನನ್ನದೂ ಅದೇ ರಕ್ತ.

ವಾರವಿಡೀ ಅತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ದುಡಿಯುತ್ತಾಳೆ. ಬಿಸಿ ಉರುಳೆಗಳ ನಡುವಿನಿಂದ ಹಬೆಯಾಡುತ್ತ ಹೊರಬರುವ ಹಾಸುಬಟ್ಟೆಗಳನ್ನು ಇನ್ನೊಬ್ಬಳ ಜೊತೆ ಎದುರುಬದುರು ನಿಂತು ಮಡಚುವುದು ಅವಳ ಕೆಲಸ. ಭಾನುವಾರ ಮಧ್ಯಾಹ್ನ ಮಾತ್ರ ಬೇಸ್ ಗಿಟಾರನ್ನು ಹೆಗಲಿಗೇರಿಸಿ ‘ಗೋದಾಮಿ’ಗೆ ಹೊರಡುತ್ತಾಳೆ. ಗೋದಾಮು ಎಂದರೆ ನಮ್ಮೂರಿನ ಬ್ಲೂಸ್ ಸಂಗೀತದ ಕ್ಲಬ್. ಹಿಂದೆ ಟೈರ್ ತುಂಬಿಡುತ್ತಿದ್ದ ಜಾಗ. ಬಿಸಿಲು ಏರಿದರೆ ಗೋಡೆಗಳು ಈಗಲೂ ರಬ್ಬರ್ ನಾರುತ್ತವೆ. ಅದರ ಯಜಮಾನಿ ಕುರ್ಚಿ ಬದಲಿಸಿದ್ದಾಳೆ, ಗಂಡನನ್ನು ಬದಲಿಸಿದ್ದಾಳೆ, ಭಾನುವಾರದ ಕೂಟವನ್ನು ಮಾತ್ರ ನಾನು ಹುಟ್ಟುವ ಮೊದಲಿನಿಂದಲೂ ಬದಲಿಸಿಲ್ಲ. ಅಂದು ಯಾರು ಬೇಕಾದರೂ ವಾದ್ಯ ತಂದು ಸಾಲಿನಲ್ಲಿ ನಿಲ್ಲಬಹುದು. ಡ್ರಮ್ಸಿಗೆ ಕ್ಷೌರದಂಗಡಿಯವನು, ಪಿಯಾನೋಗೆ ನಿವೃತ್ತ ಮೇಷ್ಟ್ರು, ಇವರಿಬ್ಬರನ್ನೂ ಹಿಡಿದು ನಡೆಸುವವಳು ಅತ್ತೆ.

ಅಲ್ಲಿ ಒಂದು ಕಟ್ಟುಪಾಡಿದೆ. ಬ್ಲೂಸ್ ಹಾಡು ಸುತ್ತು ಹಾಕುತ್ತದೆ: ಒಂದು ಸಾಲು, ಮತ್ತೆ ಅದೇ ಸಾಲು, ಆಮೇಲೆ ಅದಕ್ಕೊಂದು ಉತ್ತರ, ಮುಗಿದರೆ ಪುನಃ ಮೊದಲಿನಿಂದ. ಹಾಡಿನ ನಡುವೆ ಯಾರು ಒಂಟಿಯಾಗಿ ನುಡಿಸಬೇಕು ಎಂದು ಬೇಸ್ ಹಿಡಿದವರು ಗೋಣು ಹಾಕಿ ಹೇಳುತ್ತಾರೆ. ಗೋಣು ಬೀಳದೆ ನುಗ್ಗುವವನು ಬಡಿಸುವ ಮೊದಲೇ ತಟ್ಟೆಗೆ ಕೈ ಹಾಕಿದವನ ಹಾಗೆ. ತಂಡ ನುಡಿಸುವುದನ್ನೇ ನಿಲ್ಲಿಸಿಬಿಡುತ್ತದೆ, ಅವನು ನಗೆಪಾಟಲಾಗುತ್ತಾನೆ.

ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡ ಮೂರನೇ ದಿನ ಅತ್ತೆ ಕೆಲಸಕ್ಕೆ ಹೋದಳು. ಅದೇ ಆಸ್ಪತ್ರೆಯ ಹಾಸುಗಳು ರಾಶಿ ಬಿದ್ದಿದ್ದವು. ಮಡಚುತ್ತ ಮಡಚುತ್ತ ಹಾಡು ಕಟ್ಟಿದಳು:

ಬಂದ ಹಾಸುಗಳಲ್ಲಿ ಅಮ್ಮನದು ಯಾವುದೋ ಕಾಣೆ,
ಬಂದ ಹಾಸುಗಳಲ್ಲಿ ಅಮ್ಮನದು ಯಾವುದೋ ಕಾಣೆ,
ಅದಕ್ಕೇ ಎಲ್ಲವನ್ನೂ ಮೆತ್ತಗೆ ಮಡಚಿದೆ ನಾನೇ.

ಗೋದಾಮಿನಲ್ಲಿ ಆ ಹಾಡಿಗೆ ಗಿಟಾರ್ ನುಡಿಸಿದವನನ್ನು ಈಗ ಪೋಸ್ಟರುಗಳು ‘ಬೆಳ್ಳಿಬೆರಳು’ ಅನ್ನುತ್ತವೆ. ಆಗ ಅವನಿಗೆ ಒಂದು ಹೊತ್ತಿನ ಊಟಕ್ಕೂ ಗತಿಯಿರಲಿಲ್ಲ. ಅಜ್ಜಿ ಇರುವವರೆಗೆ ಅವಳೇ ಕರೆದು ಕೂರಿಸಿ ಬಡಿಸುತ್ತಿದ್ದಳು. ಉಂಡ ಮನೆಗೆ ಕನ್ನ ಹಾಕಿ ಅವನು ದೊಡ್ಡ ನಗರಕ್ಕೆ ಹೋದ, ಹಾಡನ್ನು ತನ್ನದೆಂದು ರೆಕಾರ್ಡ್ ಮಾಡಿದ. ಅದು ಮನೆಮನೆ ಮುಟ್ಟಿತು. ಸಂದರ್ಶನದಲ್ಲಿ, “ನನ್ನ ತಾಯಿಯನ್ನು ಕಳೆದುಕೊಂಡಾಗ ಬರೆದೆ,” ಎಂದು ಕಣ್ಣೊರೆಸಿಕೊಂಡ. ಅವನ ತಾಯಿ ಆಗ ನಮ್ಮ ಬೀದಿಯ ಕೊನೆಯಲ್ಲಿ ಗುಂಡುಕಲ್ಲಿನ ಹಾಗಿದ್ದರು! ಅತ್ತೆ ಹೇಳಿದರೆ ನಂಬಿದವರು ಯಾರು? ಹೊಟ್ಟೆಕಿಚ್ಚು ಅಂದರು. ಗೋದಾಮಿನವರಿಗೆ ಸತ್ಯ ಗೊತ್ತಿತ್ತು, ಗೋದಾಮಿನಾಚೆ ಗೋದಾಮಿನವರ ಮಾತಿಗೆ ಬೆಲೆಯಿರಲಿಲ್ಲ. ಅಂದಿನಿಂದ ಅತ್ತೆ ಆ ಹಾಡನ್ನು ಹಾಡಲಿಲ್ಲ. ತನ್ನ ತಾಯಿಗಾಗಿ ತಾನು ಅತ್ತು ಕಟ್ಟಿದ ಹಾಡು ತನ್ನದೇ ಎಂದು ಅವನ ಬಾಯಿಂದಲೇ ಬರಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಕಳೆದ ವರ್ಷ ಟಿವಿಯವರು ಅವನ ಜೀವನಚಿತ್ರ ತೆಗೆಯಲು ಹೊರಟರು. ಹಾಡು ಹುಟ್ಟಿದ ಜಾಗದಲ್ಲೇ, ಹಳೆಯ ಗೆಳೆಯರ ಜೊತೆ, ಭಾನುವಾರದ ಕೂಟದಲ್ಲೇ ನುಡಿಸುತ್ತೇನೆ ಎಂದನಂತೆ ಮಹಾನುಭಾವ. ಯಜಮಾನಿ ಹೆದರಿಕೊಂಡೇ ಅತ್ತೆಯನ್ನು ಕೇಳಿದಳು. “ಬರ್ಲಿ ಬಿಡಿ. ನಾನೇ ಬಾರಿಸ್ತೀನಿ,” ಎಂದಳು ಅತ್ತೆ. ನನಗೆ ಆಗಲೇ ಖುಷಿಯಾಯಿತು.

ಅಂದು ಕಾಲಿಡಲು ಜಾಗವಿಲ್ಲದಷ್ಟು ಜನ, ಅರ್ಧಕ್ಕರ್ಧ ಹೊರಗಿನವರು. ವೇದಿಕೆಯ ಪಕ್ಕದ ಬೆಂಚಿನಲ್ಲಿ ನಾನಿದ್ದೆ. ಅವನು ನೇರ ಅತ್ತೆಯ ಹತ್ತಿರ ಬಂದ.

“ಏನೇ, ಹೇಗಿದೀಯ? ಸ್ವಲ್ಪವೂ ಬದಲಾಗಿಲ್ಲ ನೀನು.”

“ನೀನೂ ಅಷ್ಟೇ. ಮೈಕಿನ ಮುಂದೆ ಹಾಡು ಯಾರದು ಅಂತ ಹೇಳು. ಹೇಳಿದ್ರೆ ಗೋಣು ಹಾಕ್ತೀನಿ. ಇಲ್ಲಾಂದ್ರೆ ಇಲ್ಲ.”

“ಅಯ್ಯೋ, ಹಳೇದನ್ನೆಲ್ಲ ಯಾಕೆ ಕೆದಕ್ತೀಯ? ಕ್ಯಾಮೆರಾ ಇದೆ, ನೋಡು.”

“ಅದಕ್ಕೇ ಹೇಳಿದ್ದು.”

ಅವನು ಹೆಗಲ ಮೇಲಿನ ಗಿಟಾರ್ ಪಟ್ಟಿಯನ್ನು ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯನ್ನು ಅಂದು ಕಣ್ಣಾರೆ ಕಂಡೆ.

ಹಾಡು ಶುರುವಾಯಿತು. ಅವನು ಚೆನ್ನಾಗಿಯೇ ಹಾಡಿದ, ಅದೇ ನನಗೆ ಇನ್ನಷ್ಟು ಉರಿ. ಸಾಲುಗಳು ಮುಗಿದು ಅವನ ಗಿಟಾರಿನ ಹೊತ್ತು ಬಂತು, ಜಗತ್ತೆಲ್ಲ ಕೇಳಿದ ಆ ಭಾಗ. ಅವನು ತಂತಿಯ ಮೇಲೆ ಬೆರಳಿಟ್ಟು ಅತ್ತೆಯತ್ತ ನೋಡಿದ. ಅತ್ತೆ ಮೇಷ್ಟ್ರಿಗೆ ಗೋಣು ಹಾಕಿದಳು. ಮೇಷ್ಟ್ರು ನುಡಿಸಿದರು. ಮುಂದಿನ ಸುತ್ತು ಕ್ಷೌರದವನಿಗೆ. ಅದರ ಮುಂದಿನದು ಮತ್ತೆ ಮೇಷ್ಟ್ರಿಗೆ. ಬೆಳ್ಳಿಬೆರಳು ನಗುತ್ತ ನಿಂತ, ಆಮೇಲೆ ಬರೀ ನಿಂತ. ಗೋಣಿಲ್ಲದೆ ನುಗ್ಗಿದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ; ಅವನು ಕಲಿತದ್ದೂ ಇದೇ ವೇದಿಕೆಯ ಮೇಲೆ. ಹಿಂದಿನ ಸಾಲಿನಿಂದ ಒಬ್ಬ, “ಏನ್ರೀ, ತಂತಿ ಕಿತ್ತೋಯ್ತಾ?” ಎಂದು ಕೂಗಿದ. ಜನ ನಕ್ಕರು. ನಾನಂತೂ ಹೊಟ್ಟೆ ತುಂಬ ನಕ್ಕೆ.

ಅವನು ಮೈಕಿಗೆ ಬಾಗಿದ. “ಈ ಹಾಡನ್ನ ನಾವಿಬ್ರೂ ಸೇರಿ ಕಟ್ಟಿದ್ವಿ,” ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಅತ್ತೆ ಅವನ ಕಡೆ ನೋಡಲೂ ಇಲ್ಲ. ಇನ್ನೊಂದು ಸುತ್ತು ಹೋಯಿತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೊನೆಗೆ ಕಣ್ಣು ಮುಚ್ಚಿ ಹೇಳಿದ: “ಇದು ಇವಳ ಹಾಡು. ಇವಳ ತಾಯಿ ಹೋದಾಗ ಕಟ್ಟಿದ್ದು. ನಾನು ತಗೊಂಡೆ.”

ಚಪ್ಪಾಳೆ ಸಿಡಿಯಿತು. ಅತ್ತೆಗಲ್ಲ, ಅವನಿಗೆ! “ಎಂಥ ದೊಡ್ಡ ಮನಸ್ಸಪ್ಪಾ!” ಎಂದಿತು ನನ್ನ ಹಿಂದಿನ ದನಿ. ಕೆಲವರು ಎದ್ದು ನಿಂತರು. ಕ್ಯಾಮೆರಾ ಅವನ ಮುಖದ ಹತ್ತಿರಕ್ಕೆ ಸರಿಯಿತು. ಕದ್ದದ್ದಕ್ಕೂ ಚಪ್ಪಾಳೆ, ಕದ್ದೆ ಅಂದದ್ದಕ್ಕೂ ಚಪ್ಪಾಳೆ. ಅವನ ಮುಖ ಅರಳುತ್ತ ಬಂದದ್ದನ್ನು ನಾನು ನೋಡಿದೆ, ಅತ್ತೆಯೂ ನೋಡಿದಳು. ಅವನು ಬೆರಳುಗಳನ್ನು ತಂತಿಗೆ ಹಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಗೋಣಿಗಾಗಿ ಅವಳತ್ತ ತಿರುಗಿದ.

ಅತ್ತೆ ಮಾತು ತಪ್ಪುವವಳಲ್ಲ. ಅಂದು ತಪ್ಪಿದಳು. ಬೇಸಿನ ತಂತಿಗಳ ಮೇಲೆ ಅಂಗೈ ಅದುಮಿದಳು, ಡ್ರಮ್ಸ್ ನಿಂತಿತು, ಪಿಯಾನೋ ನಿಂತಿತು. ಚಪ್ಪಾಳೆಯೂ ದಾರಿ ತಪ್ಪಿದಂತಾಗಿ ಅಲ್ಲಲ್ಲಿ ನಿಂತಿತು.

“ಹಾಡು ಮುಗೀತು,” ಎಂದಳು ಮೈಕಿನಲ್ಲಿ. “ಮುಂದಿನೋರು ಯಾರು? ಬನ್ನಿ.”

ಸಾಲಿನ ಮೊದಲಿಗೆ ನಿಂತಿದ್ದವನು ಅಂಚೆಯಣ್ಣ. ಜೇಬಿನಿಂದ ಮೌತ್ ಆರ್ಗನ್ ತೆಗೆದು ಅಂಗಿಗೆ ಒರೆಸಿಕೊಳ್ಳುತ್ತ ಮೆಟ್ಟಿಲೇರಿದ. ಬೆಳ್ಳಿಬೆರಳು ಇನ್ನೂ ಮೈಕಿನ ಮುಂದೆ, ತಂತಿಯ ಮೇಲೆ ಬೆರಳಿಟ್ಟುಕೊಂಡು, ಒಂದು ಸ್ವರವನ್ನೂ ನುಡಿಸದೆ ನಿಂತಿದ್ದ.

“ಸ್ವಲ್ಪ ಸರ್ಕೊಳ್ಳಿ ಸಾರ್,” ಎಂದ ಅಂಚೆಯಣ್ಣ. “ನನ್ನ ಸರದಿ.”